ಮನೆಯ ತೋಟಕ್ಕೆ ಬರ ತಾಳುವ ಗಿಡಗಳು

ಶ್ರೀರಂಗಪಟ್ಟಣದಿಂದ ಪಶ್ಚಿಮಕ್ಕೆ ಕೃಷ್ಣರಾಜಸಾಗರದ ಕಡೆ ಹೊರಟರೆ, ರಂಗನತಿಟ್ಟಿಗೆ ಅನತಿದೂರದಲ್ಲಿ ಪಾಲಹಳ್ಳಿಯೆಂಬ ಗ್ರಾಮವು ಸಿಕ್ಕುತ್ತದೆ. ಕಾವೇರಿಯ ನಾಲೆಯ ನೀರಿನಿಂದ ಕಬ್ಬು ಬತ್ತಗಳು ಬೆಳೆಯುವ ಊರಿದು. ರೈತರ ಬೆಲ್ಲವನ್ನು ಶುದ್ಧಿಮಾಡಿ ಸಕ್ಕರೆ ತೆಗೆಯುವುದಕ್ಕಾಗಿ 1847ರಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆಯು ಸ್ಥಾಪಿತವಾದುದು ಇಲ್ಲಿಯೇ. ಬರ ತಾಳುವ ಗಿಡಗಳ ವಿಚಾರವನ್ನು ಇಂಥ ನೀರಾವರಿಯ ಊರಿನಿಂದ ಆರಂಭಿಸುವುದೇಕೆಂದು ಶ್ರೋತೃಗಳು ಕೇಳಬಹುದು. ನಾಲೆಯ ಹಸಿರನ್ನು ಕಂಡವರು ಈ ಸೀಮೆಗೆ ಮಳೆ ಯಥೇಚ್ಛವೆಂದು ಭಾವಿಸುವುದುಂಟು. ವಾಸ್ತವವಾಗಿ ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರು ಮಾತ್ರ. ಜನವರಿಯಿಂದ ಮಾರ್ಚಿಯವರೆಗೆ ಹನಿ ಬೀಳುವುದೇ ಅಪರೂಪ.

ನದಿಯನ್ನೇ ನಂಬಿ ತೋಟವಿಡುವುದು ಎಷ್ಟು ಕಷ್ಟವೆಂಬುದು ಈಚೆಗೆ ಎಲ್ಲರಿಗೂ ಮನವರಿಕೆಯಾಗಿದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದುವು. 2024ರ ಮಾರ್ಚಿಯಲ್ಲಿ ಬೆಂಗಳೂರಿನ ಜಲಮಂಡಲಿಯು ಕುಡಿಯುವ ನೀರನ್ನು ಕೈತೋಟಕ್ಕೆ ಹಾಯಿಸಕೂಡದೆಂದು ನಿಷೇಧಿಸಿ, ಮೀರಿದವರಿಗೆ 5,000 ರೂಪಾಯಿ ದಂಡವನ್ನು ಗೊತ್ತುಮಾಡಿತು. ಅಲ್ಲಿನ ನಲ್ಲಿಗಳಿಗೆ ಬರುವುದೂ ಇದೇ ಕಾವೇರಿಯ ನೀರು. ನಮ್ಮ ಅಂಗಳದ ಹೂವು ಇನ್ನೊಬ್ಬರ ಬಿಂದಿಗೆಗೆ ಎರವಾಗದಂತೆ ತೋಟವನ್ನು ಏರ್ಪಡಿಸುವುದು ನಾಗರಿಕರಾದ ನಮ್ಮ ಕರ್ತವ್ಯ.

ಬಿಸಿಲನ್ನು ಎದುರಿಸಲು ಒಂದೊಂದು ಸಸ್ಯಕ್ಕೆ ಒಂದೊಂದು ಉಪಾಯವುಂಟು. ಕಣಗಿಲೆಯ ಎಲೆ ತೊಗಲಿನಂತೆ ದಪ್ಪ; ಅದರ ಉಸಿರುರಂಧ್ರಗಳು ಎಲೆಯ ತಳಭಾಗದ ಸಣ್ಣ ಕುಳಿಗಳಲ್ಲಿ ಅಡಗಿದ್ದು, ಆ ಕುಳಿಗಳಲ್ಲಿ ರೋಮಗಳೂ ಇರುವುದರಿಂದ ತೇವವು ಬೇಗನೆ ಆರಿಹೋಗುವುದಿಲ್ಲ. ದೇವಕಣಗಿಲೆಯು ಒಣ ತಿಂಗಳಲ್ಲಿ ಎಲೆಯನ್ನೆಲ್ಲ ಉದುರಿಸಿ, ಕೊಂಬೆಯಲ್ಲಿ ಕೂಡಿಟ್ಟ ನೀರಿನಿಂದ ಬದುಕುತ್ತದೆ. ಲೋಳೆಸರವು ಹಗಲು ರಂಧ್ರಗಳನ್ನು ಮುಚ್ಚಿಕೊಂಡು, ತಂಪಾದ ರಾತ್ರಿಯಲ್ಲಿ ತೆರೆಯುತ್ತದೆ. ಈ ಸೀಮೆಯ ಕುರುಚಲು ಗುಡ್ಡಗಳಲ್ಲಿ ತಾನಾಗಿ ಬೆಳೆಯುವ ಬಂದರಿಕೆಯು ಎಲೆಗೆ ಅಂಟನ್ನು ಬಳಿದುಕೊಂಡಿರುತ್ತದೆ. ಬೇಲಿಗೆ ಇದು ಬಹು ಯೋಗ್ಯ. ಅದರ ಜೊತೆಗೆ ಹಳದಿಯ ಹೂವಿಗೆ ತಂಗಡಿಯನ್ನೂ, ಪರಿಮಳಕ್ಕೆ ಪಾರಿಜಾತವನ್ನೂ, ಅಡಿಗೆಗೆ ನುಗ್ಗೆ ಕರಿಬೇವುಗಳನ್ನೂ ಇಟ್ಟುಕೊಂಡರೆ ಗೃಹಸ್ಥನ ಅಂಗಳಕ್ಕೆ ಕೊರತೆಯೇನಿದೆ?

ಗಿಡವನ್ನು ಆರಿಸುವಾಗ, ಮಳೆಗಾಲದಲ್ಲಿ ಹೂ ತುಂಬಿದ ಕುಂಡವನ್ನು ನೋಡಿ ಮನಸೋಲುವುದು ಸಹಜ. ಆದರೆ ಏಪ್ರಿಲ್ ತಿಂಗಳಲ್ಲಿ ಒಮ್ಮೆ ಹೊರಗೆ ಸುತ್ತಾಡಿ, ಯಾರೂ ನೀರೆರೆಯದ ದೇವಸ್ಥಾನದ ಹಿತ್ತಿಲಲ್ಲಿ, ಹಾಳುಗೋಡೆಯ ಮಗ್ಗುಲಲ್ಲಿ ಯಾವುದು ಬದುಕಿದೆಯೆಂದು ನೋಡಬೇಕು. ಅದಕ್ಕಿಂತ ನಂಬತಕ್ಕ ಪರೀಕ್ಷೆ ಬೇರೊಂದಿಲ್ಲ.

ಎರಡು ಎಚ್ಚರಿಕೆಗಳನ್ನು ಹೇಳಬೇಕಾಗಿದೆ. ಗಟ್ಟಿಯಾದುದೆಲ್ಲ ಒಳ್ಳೆಯದೆಂದು ಎಣಿಸಲಾಗದು. ಅಮೆರಿಕದಿಂದ ಅಲಂಕಾರಕ್ಕಾಗಿ ಬಂದ ಲಂಟಾನವು ಬರಕ್ಕೆ ಬಗ್ಗದು, ನಿಜ. ಆದರೆ ಇಂದು ಬಂಡೀಪುರದಂಥ ಕಾಡುಗಳನ್ನೇ ಮುತ್ತಿಕೊಂಡಿದೆ. ಕಣಗಿಲೆಯ ಸರ್ವಾಂಗವೂ ವಿಷವಾದುದರಿಂದ ಅದನ್ನು ಮಕ್ಕಳ ಮತ್ತು ದನಗಳ ಬಾಯಿಗೆ ಸಿಕ್ಕದಂತೆ ನೆಡಬೇಕು. ಎರಡನೆಯದಾಗಿ, ಬರ ತಾಳುವ ಗಿಡವೂ ಹುಟ್ಟಿದಂದೇ ಬರ ತಾಳುವುದಿಲ್ಲ. ಮುಂಗಾರಿನ ಆರಂಭದಲ್ಲಿ ನೆಟ್ಟು, ಮೊದಲ ಬೇಸಗೆ ದಾಟುವವರೆಗೆ ವಾರಕ್ಕೊಮ್ಮೆ ಬುಡ ನೆನೆಯುವಂತೆ ನೀರೆರೆದರೆ ಬೇರು ಕೆಳಕ್ಕಿಳಿಯುತ್ತದೆ; ದಿನವೂ ಮೇಲೆ ಮೇಲೆ ಚಿಮುಕಿಸಿದರೆ ಬೇರು ಮೇಲೆಯೇ ನಿಂತು ಗಿಡವು ಪರಾಧೀನವಾಗುತ್ತದೆ. ನಾಲೆಯ ಬಯಲಿನ ಜೌಗು ನೆಲದಲ್ಲಾದರೆ ಈ ಗಿಡಗಳು ಕೊಳೆತೇ ಸಾಯುವುದುಂಟು; ಅಲ್ಲಿ ಮಣ್ಣನ್ನು ಒಂದು ಮೊಳ ಏರಿಸಿ ನೆಡುವುದು ಲೇಸು. ಬುಡಕ್ಕೆ ತರಗೆಲೆಯನ್ನು ಹೊದಿಸಿ, ಬಚ್ಚಲ ನೀರನ್ನು ಅತ್ತ ತಿರುಗಿಸಿದರೆ ಕೊಳವೆಯ ನೀರಿನ ಗೊಡವೆಯೇ ಇರುವುದಿಲ್ಲ.

ಬರುವ ಮುಂಗಾರಿಗೆ ಪ್ರತಿಯೊಂದು ಮನೆಯವರೂ ಇಂಥ ಮೂರು ಗಿಡಗಳನ್ನು ನೆಡುವುದಾದರೆ, ಮುಂದಿನ ಬರಗಾಲದಲ್ಲಿ ಅಂಗಳವೂ ಹಸಿರಾಗಿರುವುದು, ಮನಸ್ಸಿಗೂ ಅಳುಕಿರುವುದಿಲ್ಲ.