ಅಜ್ಜ-ಅಜ್ಜಿಯನ್ನ ಸುಮ್ನೆ ಕೂರಿಸ್ಬೇಡಿ

ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋ ನಿಮ್ಮ ಜೊತೆ ಇವತ್ತು ನಾನು ಮಾತಾಡೋದು ನಿಮ್ಮ ಮನೆಯ ಹಿರಿಯರ ಬಗ್ಗೆ.

‘ವಯಸ್ಸಾಯ್ತು, ಆರಾಮಾಗಿ ಕೂತ್ಕೊಳ್ಳಿ’ ಅಂತ ನಾವು ಪ್ರೀತಿಯಿಂದಲೇ ಹೇಳ್ತೀವಿ. ಆದ್ರೆ ಮಿದುಳಿಗೆ ಆ ಆರಾಮ ಒಳ್ಳೇದಲ್ಲ.

ಮಿದುಳಿನಲ್ಲಿ ಹಿಪ್ಪೋಕ್ಯಾಂಪಸ್ ಅನ್ನೋ ಭಾಗ ಇದೆ. ಹೊಸ ನೆನಪು ಕಟ್ಟೋದು ಅದರ ಕೆಲಸ. ಟೆನ್ಷನ್ ಆದಾಗ ಏರೋ ಕಾರ್ಟಿಸಾಲ್ ಹಾರ್ಮೋನಿಗೆ ಬ್ರೇಕ್ ಹಾಕೋಕೂ ಅದು ನೆರವಾಗುತ್ತೆ. ವಯಸ್ಸಾದಂತೆ ಈ ಭಾಗ ಕುಗ್ಗುತ್ತೆ.

ಅಮೆರಿಕದಲ್ಲಿ 120 ಹಿರಿಯರ ಮೇಲೆ ನಡೆದ ಒಂದು ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಒಂದು ಗುಂಪು ವಾರಕ್ಕೆ 3 ದಿನ ವಾಕಿಂಗ್ ಮಾಡಿತು. ಶುರು ಮಾಡಿದ್ದು ಬರೀ 10 ನಿಮಿಷದಿಂದ, ನಿಧಾನಕ್ಕೆ 40 ನಿಮಿಷಕ್ಕೆ ಏರಿಸಿದರು. ಇನ್ನೊಂದು ಗುಂಪಿನದು ಮೈ ಸಡಿಲಿಸೋ ಹಗುರ ವ್ಯಾಯಾಮ. ವರ್ಷದ ಬಳಿಕ ನಡೆದವರ ಹಿಪ್ಪೋಕ್ಯಾಂಪಸ್ ಸುಮಾರು ಶೇ 2ರಷ್ಟು ಹಿಗ್ಗಿತ್ತು. ಇನ್ನೊಂದು ಗುಂಪಿನವರದು ಶೇ 1.4ರಷ್ಟು ಕುಗ್ಗಿತ್ತು.

ವಾಕಿಂಗ್ ಮಾಡಿದ್ರೆ ಮರೆವೇ ಬರಲ್ಲ ಅಂತ ನಾನು ಹೇಳ್ತಿಲ್ಲ. ಆ ಅಧ್ಯಯನದಲ್ಲೂ ನೆನಪಿನ ಪರೀಕ್ಷೆಯಲ್ಲಿ ಎರಡೂ ಗುಂಪಿನವರು ಸುಧಾರಿಸಿದ್ದರು. ಆದ್ರೆ ನಡೆದವರಲ್ಲಿ ಯಾರಿಗೆ ಹಿಪ್ಪೋಕ್ಯಾಂಪಸ್ ಹೆಚ್ಚು ಹಿಗ್ಗಿತ್ತೋ, ಅವರ ನೆನಪೂ ಹೆಚ್ಚು ಚುರುಕಾಗಿತ್ತು.

ಮಂಡಿನೋವು, ಹೃದಯದ ತೊಂದರೆ ಇದ್ರೆ ಮೊದಲು ಡಾಕ್ಟರನ್ನ ಕೇಳಿ. ಆಮೇಲೆ ಅವರನ್ನ ಒಬ್ಬರೇ ಕಳಿಸ್ಬೇಡಿ. ಫೋನ್ ಜೇಬಲ್ಲಿಟ್ಟು ನೀವೂ 10 ನಿಮಿಷ ಜೊತೆಗೆ ಹೋಗಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.