ಬಾಗಿಲು ತೆರೆಯುವ ಫೋನು ಬರೆದಿಡುವ ಲೆಕ್ಕ

(ಹೆತ್ತವರ ಸಭೆಯೊಂದರಲ್ಲಿ ಮಾಡಿದ ಭಾಷಣದ ಸಾರ)



ಮಕ್ಕಳನ್ನು ದೂರದ ವಿಶ್ವವಿದ್ಯಾನಿಲಯಕ್ಕೆ ಸೇರಿಸುವಾಗ ಶುಲ್ಕವೆಷ್ಟು, ಊಟ ಹೇಗೆ, ಹಾಸ್ಟೆಲು ಸುರಕ್ಷಿತವೇ ಎಂದು ನಾವು ವಿಚಾರಿಸುತ್ತೇವೆ. ಇಂದು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕಾಗಿದೆ. ಆ ಹಾಸ್ಟೆಲಿನ ಬಾಗಿಲನ್ನು ತೆರೆಯುವುದು ಬೀಗದ ಕೈಯೋ, ಕಾರ್ಡೋ ಅಥವಾ ಫೋನೋ? ಫೋನಾಗಿದ್ದರೆ, ಆ ಬಾಗಿಲು ತನ್ನ ಮುಂದೆ ನಿಂತವರ ಲೆಕ್ಕವನ್ನು ಯಾರಿಗೆ ಒಪ್ಪಿಸುತ್ತದೆ?

ಅಮೇರಿಕದಲ್ಲಿ ಈ ವ್ಯವಸ್ಥೆ ಹಲವು ವರ್ಷಗಳಿಂದ ಬಳಕೆಯಲ್ಲಿದೆ. 2018ರ ಅಕ್ಟೋಬರ್‌ನಲ್ಲಿ ಡ್ಯೂಕ್, ಅಲಬಾಮಾ ಮತ್ತು ಒಕ್ಲಹೋಮಾ ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗಳು ತಮ್ಮ ಗುರುತಿನ ಚೀಟಿಯನ್ನು ಐಫೋನಿನೊಳಗೆ ಇರಿಸಿಕೊಂಡು ಓಡಾಡತೊಡಗಿದರು. ಹಾಸ್ಟೆಲಿನ ಬಾಗಿಲಿಗೂ ಅದೇ, ಊಟದ ಹಣಕ್ಕೂ ಅದೇ. ಅನಂತರ ಇತರ ಅನೇಕ ವಿಶ್ವವಿದ್ಯಾನಿಲಯಗಳು ಅದೇ ದಾರಿಯನ್ನು ಹಿಡಿದವು.

ಇದರ ಕಾರ್ಯವಿಧಾನ ಸರಳವಾಗಿದೆ. ಕೆಲವೆಡೆ ಫೋನಿನ ಪರದೆಯಲ್ಲಿ ಮೂಡುವ ಕ್ಯೂಆರ್ ಕೋಡನ್ನು ಬಾಗಿಲಿನ ಯಂತ್ರ ಓದುತ್ತದೆ. ಇನ್ನು ಕೆಲವೆಡೆ ಫೋನನ್ನು ಯಂತ್ರದ ಸಮೀಪಕ್ಕೆ ಒಯ್ದರೆ ಸಾಕು. ಒಂದೇ ಕೋಡು ಶಾಶ್ವತವಾಗಿದ್ದರೆ ಅದರ ಚಿತ್ರವನ್ನು ಗೆಳೆಯನಿಗೆ ಕಳುಹಿಸಿ ಅವನನ್ನೂ ಒಳಗೆ ಬಿಡಬಹುದು. ಆದ್ದರಿಂದ ಉತ್ತಮ ವ್ಯವಸ್ಥೆಗಳಲ್ಲಿ ಕೋಡು ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಫೋನು ಮತ್ತು ಸರ್ವರ್ ಎರಡೂ ಒಂದೇ ಗುಪ್ತ ಸಂಖ್ಯೆ ಹಾಗೂ ಗಡಿಯಾರದ ಸಮಯದಿಂದ ಕೋಡನ್ನು ಲೆಕ್ಕ ಹಾಕುತ್ತವೆ. ಇದಕ್ಕಾಗಿ 2011ರಲ್ಲಿ ಪ್ರಕಟವಾದ ಮಾನದಂಡದಲ್ಲಿ ಸೂಚಿಸಲಾದ ಅವಧಿ 30 ಸೆಕೆಂಡು. ಎರಡೂ ಕಡೆಯ ಕೋಡು ತಾಳೆಯಾದರೆ ಬಾಗಿಲು ತೆರೆಯುತ್ತದೆ. ಯಾರು, ಯಾವ ಬಾಗಿಲಲ್ಲಿ, ಎಷ್ಟು ಗಂಟೆಗೆ ಎಂಬುದು ದಾಖಲಾಗುತ್ತದೆ.

ಇದರ ಪ್ರಯೋಜನಗಳನ್ನು ಅಲ್ಲಗಳೆಯುವಂತಿಲ್ಲ. ಕೀಲಿ ಕಳೆದುಹೋದರೆ ಬೀಗವನ್ನೇ ಬದಲಿಸಬೇಕು; ಫೋನು ಕಳೆದುಹೋದರೆ ಅದರ ಅನುಮತಿಯನ್ನು ನಿಮಿಷಗಳಲ್ಲಿ ರದ್ದುಪಡಿಸಬಹುದು. ಹಳೆಯ ಕಾರ್ಡುಗಳೂ ಭದ್ರವಾಗಿರಲಿಲ್ಲ. ನೆದರ್ಲೆಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾನಿಲಯದ ಸಂಶೋಧಕರು 2008ರಲ್ಲಿ, ಜಗತ್ತಿನಾದ್ಯಂತ ಬಳಕೆಯಲ್ಲಿದ್ದ ಮೈಫೇರ್ ಕ್ಲಾಸಿಕ್ ಕಾರ್ಡುಗಳನ್ನು ನಕಲು ಮಾಡಲು ಸಾಧ್ಯವೆಂದು ತೋರಿಸಿಕೊಟ್ಟರು. ತಯಾರಕ ಕಂಪೆನಿ ಆ ಪ್ರಬಂಧದ ಪ್ರಕಟಣೆಯನ್ನು ತಡೆಯಲು ನ್ಯಾಯಾಲಯದ ಮೆಟ್ಟಿಲೇರಿತು. ನ್ಯಾಯಾಲಯ ತಡೆ ನೀಡಲಿಲ್ಲ. ದೋಷವನ್ನು ಮುಚ್ಚಿಟ್ಟರೆ ಭದ್ರತೆ ಬರುವುದಿಲ್ಲವೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕೇ?

ಆದರೆ ನಮ್ಮ ನಿಜವಾದ ಚಿಂತೆ ಆ ದಾಖಲೆಯ ಕುರಿತಾಗಿರಬೇಕು. ಅರಿಜೋನಾ ವಿಶ್ವವಿದ್ಯಾನಿಲಯದ ಸಂಶೋಧನೆಯೊಂದು 2018ರಲ್ಲಿ ಸುದ್ದಿಯಾಯಿತು. ವಿದ್ಯಾರ್ಥಿಗಳು ಕಾರ್ಡು ಬಳಸಿದ ಸ್ಥಳ ಮತ್ತು ಸಮಯವನ್ನು ಹೆಸರು ತೆಗೆದು ಜೋಡಿಸಿ ನೋಡಿದಾಗ, ಯಾರಿಗೆ ಯಾರೊಡನೆ ಒಡನಾಟವಿದೆ, ಯಾರ ದಿನಚರಿ ಕ್ರಮಬದ್ಧವಾಗಿದೆ, ಮೊದಲ ವರ್ಷದವರಲ್ಲಿ ಯಾರು ಓದು ಬಿಟ್ಟು ಹೋಗುವ ಸಾಧ್ಯತೆಯಿದೆ ಎಂದು ಊಹಿಸಲು ಸಾಧ್ಯವಾಯಿತು. ಉದ್ದೇಶ ಒಳ್ಳೆಯದೇ, ಕಂಗೆಟ್ಟ ವಿದ್ಯಾರ್ಥಿಗೆ ಸಕಾಲದಲ್ಲಿ ನೆರವಾಗುವುದು. ಆದರೆ ಬಾಗಿಲು ತೆರೆಯಲು, ತಿಂಡಿ ಕೊಳ್ಳಲು ಕೊಟ್ಟ ಕಾರ್ಡು ಗೆಳೆತನಗಳ ನಕ್ಷೆಯನ್ನೂ ಬಿಡಿಸಬಲ್ಲದು ಎಂಬುದನ್ನು ನಾವು ಗಮನಿಸಬೇಕು.

ಉದ್ದೇಶ ಕೆಟ್ಟದಾದರೆ ಏನಾಗಬಹುದೆಂಬುದನ್ನು ಚೀನಾ ತೋರಿಸಿತು. ಕೋವಿಡ್ ಕಾಲದಲ್ಲಿ ಅಲ್ಲಿ ಜನರು ಎಲ್ಲಿಗೆ ಪ್ರವೇಶಿಸಬೇಕಾದರೂ ಫೋನಿನ ಆರೋಗ್ಯ ಕೋಡು ಹಸಿರಾಗಿರಬೇಕಿತ್ತು. 2022ರ ಜೂನ್‌ನಲ್ಲಿ ಹೆನಾನ್ ಪ್ರಾಂತ್ಯದ ಬ್ಯಾಂಕುಗಳಲ್ಲಿ ಹಣ ಸಿಲುಕಿಕೊಂಡಿದ್ದ ಠೇವಣಿದಾರರು ಪ್ರತಿಭಟನೆಗೆ ಹೊರಟಾಗ, 1,317 ಮಂದಿಯ ಕೋಡುಗಳು ಕೆಂಪಾದವು. ಅವರಿಗೆ ಸೋಂಕು ತಗುಲಿದ್ದರಿಂದಲ್ಲ, ಅಧಿಕಾರಿಗಳು ಹಾಗೆ ಆದೇಶಿಸಿದ್ದರಿಂದ. ಬಳಿಕ ಐವರು ಅಧಿಕಾರಿಗಳ ವಿರುದ್ಧ ಕ್ರಮ ಜರಗಿತು. ರೋಗ ತಡೆಯಲು ಕಟ್ಟಿದ ಬಾಗಿಲು ಬಾಯಿ ಮುಚ್ಚಿಸಲೂ ಒದಗಿತು. ಶುಲ್ಕ ಏರಿಕೆಯನ್ನು ವಿರೋಧಿಸುವ ವಿದ್ಯಾರ್ಥಿಯ ಫೋನಿಗೆ ಗ್ರಂಥಾಲಯದ ಬಾಗಿಲು ಒಂದು ದಿನ ತೆರೆಯದಿದ್ದರೆ ಅವನು ಯಾರಲ್ಲಿ ದೂರಬೇಕು?

ಇನ್ನು ಹೆತ್ತವರಿಗೆ, ವಿಶೇಷವಾಗಿ ಹೆಣ್ಣುಮಕ್ಕಳ ತಂದೆ ತಾಯಂದಿರಿಗೆ ಒಂದು ಮಾತು. ಮಗಳು ಹಾಸ್ಟೆಲಿಗೆ ಮರಳಿದ ಕೂಡಲೇ ನಿಮ್ಮ ಫೋನಿಗೆ ಸಂದೇಶ ಬರುತ್ತದೆಂದರೆ ನೀವು ಸಂತೋಷಪಡಬಹುದು. ಆ ಆತಂಕ ಸಹಜವೇ. ಆದರೆ ಅದೇ ಸಂದೇಶ ನಿಮಗಿಂತ ಮೊದಲು ಇನ್ಯಾರ ಪರದೆಯಲ್ಲಿ ಮೂಡುತ್ತದೆ? ಅವಳು ಪ್ರತಿದಿನ ಯಾವ ಬಾಗಿಲಿನಿಂದ, ಎಷ್ಟು ಹೊತ್ತಿಗೆ ಒಬ್ಬಳೇ ಹೊರಡುತ್ತಾಳೆಂಬುದು ಅಪರಿಚಿತನೊಬ್ಬನ ಕೈಗೆ ಸಿಕ್ಕರೆ ಅದು ರಕ್ಷಣೆಯೇ ಅಥವಾ ಅಪಾಯವೇ?

ಕೋಝಿಕ್ಕೋಡಿನ ಕಾಲೇಜೊಂದರ ಹಾಸ್ಟೆಲಿನಲ್ಲಿ, ನಿಗದಿತ ಹೊತ್ತಿನಲ್ಲಿ ಫೋನು ಒಪ್ಪಿಸಬೇಕೆಂಬ ನಿಯಮಕ್ಕೆ ಮಣಿಯದ ವಿದ್ಯಾರ್ಥಿನಿಯನ್ನು ಹೊರಹಾಕಲಾಯಿತು. ಅಂತರ್ಜಾಲದ ಬಳಕೆ ಶಿಕ್ಷಣದ ಹಕ್ಕು ಹಾಗೂ ಖಾಸಗಿತನದ ಹಕ್ಕಿನ ಭಾಗವೆಂದು 2019ರ ಸೆಪ್ಟೆಂಬರ್‌ನಲ್ಲಿ ಕೇರಳ ಹೈಕೋರ್ಟು ತೀರ್ಪಿತ್ತು ಅವಳನ್ನು ಮರಳಿ ಸೇರಿಸಿಕೊಳ್ಳಲು ಆದೇಶಿಸಿತು. ಒಂದು ಕಡೆ ಫೋನು ಹಿಡಿಯಬೇಡ ಎನ್ನುವ ಹಾಸ್ಟೆಲು. ಇನ್ನೊಂದು ಕಡೆ ಫೋನಿಲ್ಲದೆ ಒಳಗೆ ಬರಬೇಡ ಎನ್ನುವ ಹಾಸ್ಟೆಲು. ಎರಡರಲ್ಲೂ ವಿದ್ಯಾರ್ಥಿನಿಯ ಅಭಿಪ್ರಾಯವನ್ನು ಕೇಳಿದವರು ಯಾರು?

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಮ್ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರೆಂಬುದು ನಮಗೆ ಹೆಮ್ಮೆಯ ಸಂಗತಿ. 2023ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯೂ ಬಂತು. 18 ತುಂಬಿದ ಮಗನ ಅಥವಾ ಮಗಳ ಒಪ್ಪಿಗೆಯನ್ನು ಅವರೇ ಕೊಡಬೇಕು; ನಾವು ಅವರ ಪರವಾಗಿ ಕೊಡುವಂತಿಲ್ಲ.

ಆದುದರಿಂದ ಪ್ರವೇಶ ಪತ್ರಕ್ಕೆ ಸಹಿ ಹಾಕುವ ಮುನ್ನ ಕೇಳಿರಿ: ಬಾಗಿಲಿನ ದಾಖಲೆಯನ್ನು ಎಷ್ಟು ದಿನ ಇಡುತ್ತೀರಿ? ಯಾರು ನೋಡಬಹುದು? ಫೋನಿಲ್ಲದ ಬಡ ವಿದ್ಯಾರ್ಥಿಗೆ ಕಾರ್ಡು ಕೊಡುತ್ತೀರಾ? ಫೋನು ನಡುರಾತ್ರಿ ಸತ್ತರೆ ಬಾಗಿಲು ತೆರೆಯುವವರು ಯಾರು? ಬೆಂಕಿ ಬಿದ್ದು ವಿದ್ಯುತ್ ಹೋದರೆ ಒಳಗಿನಿಂದ ಬಾಗಿಲು ತಾನಾಗಿ ತೆರೆಯುತ್ತದೆಯೇ? ಕೊನೆಯ ಪ್ರಶ್ನೆಗೆ ಉತ್ತರ ತಡವರಿಸಿದರೆ, ಆ ಹಾಸ್ಟೆಲಿಗೆ ನಿಮ್ಮ ಮಗುವನ್ನು ಒಪ್ಪಿಸಬೇಡಿರಿ.

ಮಕ್ಕಳು ನಮ್ಮ ಕೈಯಲ್ಲಿರುವ ಅಮಾನತ್. ಅವರನ್ನು ಕಾಯುವುದು ನಮ್ಮ ಹೊಣೆ. ಆದರೆ ಬಾಗಿಲಿನ ಯಂತ್ರಕ್ಕೆ ಗೊತ್ತಾಗುವುದು ಅವರು ಬಂದ ಗಂಟೆ ಮಾತ್ರ. ಅವರು ಯಾವ ಮನಸ್ಥಿತಿಯಲ್ಲಿ ಬಂದರೆಂಬುದನ್ನು ತಿಳಿಯಲು ನಾವೇ ಕರೆ ಮಾಡಿ ಮಾತನಾಡಬೇಕು.