ಕಂಪ್ಯೂಟರ್ ನಿಧಾನವಾದರೆ ಮೊದಲು ನೋಡತಕ್ಕದ್ದು ಏನು?

(ಅರಸೀಕೆರೆ, ಬೇಲೂರು, ಹಳೇಬೀಡು ಕಡೆಯ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬಿತ್ತನೆ ಗೊಬ್ಬರದ ಮಾತು ಬಿಟ್ಟು ಇವನು ಕಂಪ್ಯೂಟರಿನ ಮಾತು ತೆಗೆದನಲ್ಲ ಎಂದುಕೊಳ್ಳಬೇಡಿ. ಪಹಣಿ ನೋಡುವುದಕ್ಕೂ ಬೆಳೆ ವಿಮೆ ಮಾಡಿಸುವುದಕ್ಕೂ ಈಗ ಅಂತರ್ಜಾಲ ಬೇಕು. ವಿಮೆಗೆ ಕೊನೆಯ ದಿನ ಎಂಬುದು ಉಂಟು. ಹದ ತಪ್ಪಿದ ಬಿತ್ತನೆಯಂತೆ, ಆ ದಿನ ತಪ್ಪಿದರೆ ಆ ವರ್ಷಕ್ಕೆ ತಪ್ಪಿದ ಹಾಗೆಯೇ.

ಬೆಂಗಳೂರು ಸೇರಿದ ಮಕ್ಕಳು ಬಿಟ್ಟುಹೋದ ಹಳೆಯ ಕಂಪ್ಯೂಟರ್ ಕೆಲವು ಮನೆಗಳಲ್ಲಿದೆ. ಅದು ನಿಧಾನವಾದೊಡನೆ “ಯಂತ್ರ ಕೆಟ್ಟಿತು, ಹೊಸದು ತರೋಣ” ಎನ್ನುತ್ತೀರಿ. ಅವಸರ ಬೇಡ. ಹಳೇಬೀಡಿನ ದ್ವಾರಸಮುದ್ರ ಕೆರೆ ತುಂಬಿದ್ದರೂ ಕಾಲುವೆಯಲ್ಲಿ ಹೂಳಿದ್ದರೆ ಕೊನೆಯ ಗದ್ದೆ ಒಣಗುತ್ತದೆ. ಅದು ಗದ್ದೆಯ ತಪ್ಪೇ? ತೂಬಿನಲ್ಲಿ ತಡೆಯೋ, ಕಾಲುವೆಯಲ್ಲೋ, ಮಡಿಯಲ್ಲೋ ಎಂದು ನೋಡಿದ ಮೇಲಲ್ಲವೇ ಗುದ್ದಲಿ ಹಿಡಿಯುವುದು?

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ಆಗ ದೂರವಾಣಿಯ ತಂತಿಗೆ ಮೋಡೆಮ್ ಎಂಬ ಪೆಟ್ಟಿಗೆ ಸೇರಿಸಿ, ನಂಬರು ಹಚ್ಚಿ ಸಂಪರ್ಕ ಪಡೆಯಬೇಕಿತ್ತು. ಆ ಪೆಟ್ಟಿಗೆ ಕೀರಲು ಸದ್ದು ಮಾಡುತ್ತಿತ್ತು. ಎರಡು ತುದಿಯ ಮೋಡೆಮುಗಳು ತಂತಿಯ ಗುಣ ಪರೀಕ್ಷಿಸಿ, ಎಷ್ಟು ವೇಗವೆಂದು ಮಾತಾಡಿಕೊಳ್ಳುವ ಸದ್ದು ಅದು. ಒಳ್ಳೆಯ ತಂತಿಯಲ್ಲೂ ವೇಗ ಸೆಕೆಂಡಿಗೆ 56 ಕಿಲೋಬಿಟ್ ಮೀರುತ್ತಿರಲಿಲ್ಲ. 1 ಮೆಗಾಬೈಟಿನ ಒಂದು ಚಿತ್ರ ಬರಲು ಎರಡು ನಿಮಿಷಕ್ಕೂ ಹೆಚ್ಚು ಹಿಡಿಯುತ್ತಿತ್ತು. ತಂತಿಯಲ್ಲಿ ದೋಷವಿದ್ದರೆ ಇನ್ನೂ ಕಡಿಮೆ. ಮುಂದೆ ಅದೇ ತಾಮ್ರದ ತಂತಿಯಲ್ಲಿ ಬ್ರಾಡ್‌ಬ್ಯಾಂಡ್ ಬಂದಾಗ ವೇಗ ಹೆಚ್ಚಿತು, ಸದ್ದು ನಿಂತಿತು. ತಂತಿ ಕೆಟ್ಟರೆ ವೇಗ ಇಳಿಯುವುದು ಮಾತ್ರ ತಪ್ಪಲಿಲ್ಲ.

ಈಗ ಪರೀಕ್ಷೆಯ ಕ್ರಮ ಹೇಳುತ್ತೇನೆ.

ಮೊದಲನೆಯದಾಗಿ, ಅದೇ ಸಂಪರ್ಕಕ್ಕೆ ಬೇರೊಂದು ಯಂತ್ರವನ್ನೋ ಮೊಬೈಲನ್ನೋ ಸೇರಿಸಿ ನೋಡಿ. ಅದು ಚುರುಕಾಗಿದ್ದರೆ ದೋಷ ನಿಮ್ಮ ಕಂಪ್ಯೂಟರಿನಲ್ಲಿದೆ. ಅದೂ ನಿಧಾನವಾಗಿದ್ದರೆ ದೋಷ ಸಂಪರ್ಕದಲ್ಲಿದೆ.

ಎರಡನೆಯದಾಗಿ, ತಂತಿ ದೂರವಾಣಿ ಇರುವವರು ರಿಸೀವರ್ ಎತ್ತಿ, ಒಂದು ಅಂಕಿ ಒತ್ತಿ, ಸುಮ್ಮನೆ ಕಿವಿಗೊಡಿ. ಕರಕರ ಸದ್ದು ಕೇಳಿದರೆ ಎಲ್ಲೋ ಜೋಡಣೆ ಸಡಿಲವಾಗಿದೆ ಅಥವಾ ಕಿಲುಬು ಹಿಡಿದಿದೆ. ಬೇಲೂರಿನ ಕಡೆ ಮಳೆಗಾಲದಲ್ಲಿ ಜೋಡಣೆಗೆ ನೀರಿಳಿಯುವುದು ಸಾಮಾನ್ಯ.

ಮೂರನೆಯದಾಗಿ, ತಂತಿ ಮನೆಯೊಳಗೆ ಬರುವ ಮೊದಲ ಪೆಟ್ಟಿಗೆಗೇ ಮೋಡೆಮ್ ಸೇರಿಸಿ, ಉಳಿದ ಕವಲುಗಳನ್ನು ಬಿಚ್ಚಿಡಿ. ಅಲ್ಲಿ ವೇಗ ಬಂದರೆ ಮನೆಯೊಳಗಿನ ತಂತಿಯೇ ಕೆಟ್ಟಿದೆ, ಇಲಿ ಕಡಿದಿರಬಹುದು. ಅಲ್ಲಿಯೂ ಬಾರದಿದ್ದರೆ ದೂರು ಕೊಡಿ. ಮೊಬೈಲಿನಿಂದ ಸಂಪರ್ಕ ಪಡೆಯುವವರು ಅದನ್ನು ಕಿಟಕಿಯ ಬಳಿ, ಜಗಲಿಯಲ್ಲಿ ಇಟ್ಟು ನೋಡಿ.

ಮುಖ್ಯವಾದ ಮಾತು: ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಪ್ರಾತ್ಯಕ್ಷಿಕೆಯ ತಾಕಿನಲ್ಲಿ ಬೀಜವನ್ನೂ ಗೊಬ್ಬರವನ್ನೂ ಒಟ್ಟಿಗೆ ಬದಲಿಸಿದರೆ ಇಳುವರಿ ಯಾವುದರಿಂದ ಬಂತೆಂದು ಹೇಳಲಾದೀತೇ?

ಅರಸೀಕೆರೆ ಕಡೆಯ ಒಬ್ಬ ಹಿರಿಯರು ರಾಗಿಗೆ ವಿಮೆ ಮಾಡಿಸಲು ಕೂತಿದ್ದರು. ಕೊನೆಯ ದಿನಕ್ಕೆ ಎರಡೇ ದಿನವಿತ್ತು, ಪುಟ ತೆರೆಯಲೊಲ್ಲದು. ತಂತಿಯನ್ನೇ ಬೈದು, ಹೊಸ ಯಂತ್ರಕ್ಕೆಂದು ಕೊಬ್ಬರಿ ಮಾರಲು ಹೊರಟಿದ್ದರು. ನಾನೂ ತಂತಿಯನ್ನೇ ಅನುಮಾನಿಸಿ ಅರ್ಧ ದಿನ ಕಳೆದೆ. ಮೊದಲನೆಯ ಪರೀಕ್ಷೆಯನ್ನು ನಾನೇ ಮಾಡಿರಲಿಲ್ಲ! ಅವರ ಮೊಮ್ಮಗಳು ತೆರೆಯ ಮೂಲೆ ತೋರಿಸಿ, “ತಾತ, ಇದರಲ್ಲಿ ತಾರೀಖು ಎಷ್ಟೋ ವರ್ಷ ಹಿಂದಿದೆ” ಎಂದಳು. ಒಳಗಿನ ಬಿಲ್ಲೆಯಂಥ ಬ್ಯಾಟರಿ ಸತ್ತಿತ್ತು. ತಾರೀಖು ತಪ್ಪಿದ ಯಂತ್ರಕ್ಕೆ ಭದ್ರತೆಯುಳ್ಳ ತಾಣಗಳ ಗುರುತುಪತ್ರ ಸರಿಯೆಂದು ಕಾಣುವುದಿಲ್ಲ, ಆದ್ದರಿಂದ ತೆರೆಯುವುದಿಲ್ಲ. ತಾರೀಖು ಸರಿಪಡಿಸಿದೆವು, ಪುಟ ತೆರೆಯಿತು; ಅರ್ಜಿ ಅಂದೇ ಹೋಯಿತು. ಬ್ಯಾಟರಿಯನ್ನು ಮರುದಿನ ಹಾಕಿಸಿದರು. ಕೊಬ್ಬರಿ ಅಟ್ಟದಲ್ಲೇ ಉಳಿಯಿತು.

ಇನ್ನೆರಡು ಎಚ್ಚರಿಕೆ. ಗುಡುಗು ಮಿಂಚು ಬರುವ ಮೊದಲೇ ದೂರವಾಣಿಯ ತಂತಿಯನ್ನೂ ವಿದ್ಯುತ್ತಿನ ಪ್ಲಗ್ಗನ್ನೂ ಕಿತ್ತಿಡಿ. ವಿಮೆಯ ಕೆಲಸವನ್ನು ಕೊನೆಯ ದಿನಕ್ಕೆ ಇಡಬೇಡಿ; ಮನೆಯ ಯಂತ್ರ ಒಂದು ದಿನ ಕೈಕೊಟ್ಟರೆ ಮರುದಿನವೇ ಸೇವಾ ಕೇಂದ್ರಕ್ಕೆ ಹೋಗಿ. ಯಂತ್ರವನ್ನು ಆಮೇಲೆ ಸಾವಕಾಶವಾಗಿ ನೋಡೋಣ, ನಾನೂ ಬರುತ್ತೇನೆ.